ಪಾಳಿ ಯಾರು ತಗೋತೀರಿ?

ತಾರ್ತು, ಎಸ್ಟೋನಿಯ
9 ಜನವರಿ 2025

ಆಟಗಾರರಾದ ರಾನ್ವಾ ಅವರಿಗೆ,

‘ಒಂಬತ್ತು ದ್ವೀಪ’ ಆಟದಲ್ಲಿರುವ ನಿಮ್ಮ ಖಾತೆಗೆ ಇಂದಿನಿಂದ ಬೀಗ ಹಾಕಲಾಗಿದೆ. ನೀವು ಕೊಟ್ಟಿರುವ ಜನ್ಮದಿನಾಂಕ 14 ಮೇ 2011. ಅಂದರೆ ನಿಮಗೆ ಹದಿಮೂರು ವರ್ಷ. ಹದಿನಾರು ತುಂಬದವರು ಹೆತ್ತವರ ಒಪ್ಪಿಗೆಯಿಲ್ಲದೆ ಆಡುವಂತಿಲ್ಲ ಎಂಬುದು ನಮ್ಮ ಹೊಸ ನಿಯಮ. ಹೊತ್ತುಗೊತ್ತಿಲ್ಲದೆ ಈ ಖಾತೆ ಬಳಕೆಯಾಗುತ್ತಿರುವುದೂ, ಕಳೆದ ನವೆಂಬರ್ ಕೊನೆಯಿಂದ ಎರಡು ಬೇರೆ ಬೇರೆ ಸ್ಥಳಗಳಿಂದ ಯಾರೋ ಒಳಬರುತ್ತಿರುವುದೂ ನಮ್ಮ ಗಮನಕ್ಕೆ ಬಂದಿದೆ.

ಸದ್ಯ ಹೊಸದಾಗಿ ಒಳಬರಲು ಆಗುವುದಿಲ್ಲ. ಈಗಾಗಲೇ ತೆರೆದಿರುವ ಸಾಧನಗಳಲ್ಲಿ ಊರಿನ ಸೂಚನಾ ಫಲಕ ಮಾತ್ರ ಕಾಣುತ್ತದೆ, ಅಲ್ಲಿ ಬರೆಯಬಹುದು. ನಿಮ್ಮ ತಂದೆ ಅಥವಾ ತಾಯಿ ತಮ್ಮ ಗುರುತಿನ ಚೀಟಿಯೊಂದಿಗೆ ನಮಗೆ ಬರೆಯಲಿ. ಜನವರಿ 30ರ ಮಧ್ಯಾಹ್ನ ಹನ್ನೆರಡರೊಳಗೆ ಇದು ಇತ್ಯರ್ಥವಾಗದಿದ್ದರೆ ಖಾತೆಯೂ ಅದರಲ್ಲಿರುವ ಊರೂ ಅಳಿಸಿಹೋಗುತ್ತವೆ.

ಟ್ರೀನು ಲಾನೆಮೆಟ್ಸ್
ಸಹಾಯ ವಿಭಾಗ


ರಾನ್ವಾ ದೋಣಿ, ಫೆರೋ ದ್ವೀಪಗಳ ಪಶ್ಚಿಮದ ಕಡಲಿನಿಂದ
12 ಜನವರಿ

ಟ್ರೀನು ಲಾನೆಮೆಟ್ಸ್ ಅವರಿಗೆ,

ರಾನ್ವಾಳಿಗೆ ಹದಿಮೂರು ವರ್ಷ ಎಂಬುದು ನಿಜ. ಅವಳ ಉದ್ದ ಇಪ್ಪತ್ತೇಳು ಮೀಟರ್. ಹೊಟ್ಟೆಯೊಳಗೆ ಈಗ ಮೂವತ್ತು ಟನ್ ಮೀನಿದೆ. ಹೆತ್ತವರ ಸಹಿಯೇ ಬೇಕೆಂದರೆ ಅವಳನ್ನು ಕಟ್ಟಿದ ಕಾರ್ಖಾನೆಯ ಕೆಲಸಗಾರರನ್ನು ಹುಡುಕಿಕೊಂಡು ಹೋಗಬೇಕು.

ನಾನು ಸಾಮಲ್, ಈ ದೋಣಿಯ ಯಜಮಾನ. ಕ್ಲಾಕ್ಸ್‌ವೀಕ್ ಊರಿನವನು. ಗಾಳದ ಹಗ್ಗ ಬಿಟ್ಟು ಮೀನು ಹಿಡಿಯುವವರು ನಾವು. ಏಳು ವರ್ಷದ ಹಿಂದೆ ದೋಣಿಯ ಅಡುಗೆಮನೆಯ ಮೇಜಿನ ಮೇಲೆ ಈ ಆಟ ಶುರು ಮಾಡಿದಾಗ ನಿಮ್ಮ ಅರ್ಜಿ ಹೆಸರು ಕೇಳಿತು, ಹುಟ್ಟಿದ ದಿನ ಕೇಳಿತು. ನಾವು ದೋಣಿಯ ಹೆಸರು ಕೊಟ್ಟೆವು, ಅವಳು ನೀರಿಗಿಳಿದ ದಿನ ಕೊಟ್ಟೆವು. ಬೇರೆ ಏನು ಕೊಡಬೇಕಿತ್ತೆಂದು ಇವತ್ತಿಗೂ ನನಗೆ ಗೊತ್ತಾಗುತ್ತಿಲ್ಲ. ಕಾಫಿ ಪಾತ್ರೆ ದೋಣಿಯದು, ದುರ್ಬೀನು ದೋಣಿಯದು, ಟ್ಯಾಬ್ ದೋಣಿಯದು, ಖಾತೆಯೂ ದೋಣಿಯದು.

ಹನ್ನೆರಡು ಜನರಲ್ಲಿ ಆಡುವವರು ಮೂವರು. ನಾನು, ಅಡುಗೆಯ ಮಿಕ್ಯಾಲ್, ಇಂಜಿನ್ ನೋಡುವ ಬಾರ್ದುರ್. ದೋಣಿಯ ಪಾಳಿಯಂತೆಯೇ ಆಟದಲ್ಲೂ ಪಾಳಿ. ಪಾಳಿ ಮುಗಿದವನು ಫಲಕದಲ್ಲಿ ಸ್ಥಿತಿಗತಿ ಬರೆದು ‘ಯಾರು ತಗೋತೀರಿ?’ ಎಂದು ಕೇಳುತ್ತಾನೆ. ಬಂದವನು ‘ತಗೊಂಡೆ’ ಎಂದು ಬರೆಯುವ ತನಕ ಕದಲುವುದಿಲ್ಲ. ನಮ್ಮ ದೋಣಿಯಲ್ಲಿ ಚುಕ್ಕಾಣಿಗೂ ಅದೇ ರೀತಿ, ಇಂಜಿನ್ನಿಗೂ ಅದೇ ರೀತಿ. ಇದರಲ್ಲಿ ಮುಚ್ಚುಮರೆ ಏನೂ ಇಲ್ಲ.

ದೋಣಿಯ ನೋಂದಣಿ ಪತ್ರ ಜೊತೆಗಿದೆ. ಮಿಕ್ಯಾಲ್ ಇಣುಕಿ ನೋಡಿ, “ಯಜಮಾನ, ಒಂದ್ ಫೋಟೋನೂ ಕಳ್ಸು. ಹೋದ ವರ್ಷ ಬಣ್ಣ ಹೊಡ್ಸಿದ್ದು, ಹದಿಮೂರರ ಹಾಗೆ ಕಾಣಲ್ಲ ಅವಳು,” ಎಂದ. ಅದನ್ನೂ ಇಟ್ಟಿದ್ದೇನೆ. ಆಟದ ಊರಿನಲ್ಲಿರುವ ನಮ್ಮ ಕುರಿಗಳು ಮೂರು ದಿನದಿಂದ ಹುಲ್ಲು ಕಂಡಿಲ್ಲ, ಬೇಗ ಬೀಗ ತೆಗೆಯಿರಿ.

ಸಾಮಲ್


ತಾರ್ತು
14 ಜನವರಿ

ಸಾಮಲ್ ಅವರಿಗೆ,

ನಿಮ್ಮ ಪತ್ರ ಓದಿ ನಮ್ಮ ಕೋಣೆಯಲ್ಲಿ ಎಲ್ಲರೂ ನಕ್ಕರು. ಫೋಟೋ ಚೆನ್ನಾಗಿದೆ. ಆದರೆ ದೋಣಿಯ ಹೆಸರಿನಲ್ಲಿ ಖಾತೆ ಇರುವಂತಿಲ್ಲ, ಒಂದು ಖಾತೆಯನ್ನು ಮೂವರು ಬಳಸುವಂತೆಯೂ ಇಲ್ಲ. ದಾರಿ ಒಂದಿದೆ. ‘ಈ ಖಾತೆ ಮೊದಲಿನಿಂದಲೂ ನನ್ನೊಬ್ಬನದೇ, ಉಳಿದವರು ನನ್ನ ಅನುಮತಿಯಿಲ್ಲದೆ ಒಳಬಂದಿದ್ದರು’ ಎಂದು ಒಂದು ಸಾಲು ಬರೆದು ಸಹಿ ಮಾಡಿ ಕಳಿಸಿ. ನಾನು ಹೆಚ್ಚಿಗೆ ಏನೂ ಕೇಳುವುದಿಲ್ಲ.

ಇನ್ನೊಂದು ಸಮಾಧಾನದ ಸುದ್ದಿ. ನೀವು ಕಡಲಿನಲ್ಲಿರುವಾಗ ಕೋಪನ್‌ಹೇಗನ್ನಿನಿಂದ ಯಾರೋ ದಿನವೂ ಹತ್ತು ಗಂಟೆಗೆ ಬಂದು ಎರಡರ ತನಕ ನಿಮ್ಮ ಖಾತೆಯೊಳಗೆ ಕೂತಿರುತ್ತಿದ್ದರು. ಬೀಗ ಬಿದ್ದ ಮೇಲೂ ಆ ಸಾಧನ ತೆರೆದೇ ಇತ್ತು. ಇಂದು ಮಧ್ಯಾಹ್ನ ನಾನೇ ಎಲ್ಲ ಸಾಧನಗಳನ್ನೂ ಹೊರಹಾಕಿದ್ದೇನೆ. ಕಳ್ಳ ಇನ್ನು ಬರಲಾರ.

ಟ್ರೀನು


ಕಡಲಿನಿಂದ
19 ಜನವರಿ

ಐದು ದಿನದಿಂದ ಬಿರುಗಾಳಿ. ಸಂಪರ್ಕ ಇರಲಿಲ್ಲ. ನಿಮ್ಮ ಪತ್ರ ಇವತ್ತು ಓದಿದೆ.

ಅವನು ಕಳ್ಳನಲ್ಲ. ಅವನು ಬಾರ್ದುರ್.

ನವೆಂಬರಿನಲ್ಲಿ ಇಂಜಿನ್ ಕೋಣೆಯಲ್ಲಿ ಅವನಿಗೆ ಪಾರ್ಶ್ವವಾಯು ಹೊಡೆಯಿತು. ಹೆಲಿಕಾಪ್ಟರ್ ಬಂದು ಎತ್ತಿಕೊಂಡು ಹೋಯಿತು, ಅಲ್ಲಿಂದ ಕೋಪನ್‌ಹೇಗನ್ನಿನ ಆಸ್ಪತ್ರೆಗೆ. ಬಲಗೈ ಬಲಗಾಲು ಸತ್ತಂತೆ. ಮಾತು ಹೋಯಿತು. ನಾವು ಎದುರಿಗೆ ನಿಂತು ನಿಧಾನವಾಗಿ ಹೇಳಿದರೆ ತಿಳಿಯುತ್ತದೆ, ಫೋನಿನಲ್ಲಿ ಹೇಳಿದ್ದು ತಲೆಗೆ ಹತ್ತುವುದಿಲ್ಲ. ಮಾತು ಕಲಿಸುವ ಟೀಚರಮ್ಮ ಚಿತ್ರದ ಚೀಟಿ ಹಿಡಿದರೆ ಕಣ್ಣು ಮುಚ್ಚುತ್ತಿದ್ದನಂತೆ. ಅವನ ತಂಗಿ ಮಾರ್ಯುನ್ ಒಂದು ದಿನ ಅವನ ಟ್ಯಾಬಿನಲ್ಲಿ ಆಟ ತೆರೆದಿಟ್ಟಳು. ಎಡಗೈ ಮೇಲೆ ಬಂತು. ಅವತ್ತಿನಿಂದ ಹತ್ತರಿಂದ ಎರಡರ ತನಕ ಅವನ ಪಾಳಿ. ವೈದ್ಯರು ಅಷ್ಟಕ್ಕೇ ಬಿಟ್ಟಿದ್ದರು.

ಮೊದಲು ಫಲಕದ ಮೇಲೆ ಬರೀ ಒಂದು ಗೆರೆ ಎಳೆಯುತ್ತಿದ್ದ. ಆಮೇಲೆ ಅಂಕಿಗಳು ಬಂದವು. ಡಿಸೆಂಬರ್ ಹನ್ನೊಂದರಂದು ‘ಕುರಿ’ ಎಂದು ಬರೆದ. ನಾನು ಅಡುಗೆಮನೆಯಲ್ಲಿ ನಿಂತು ಅತ್ತೆ. ಬರೆಯಲು ನಾಚಿಕೆಯಿಲ್ಲ, ಅತ್ತೆ. ಕ್ರಿಸ್‌ಮಸ್ ಹೊತ್ತಿಗೆ ಇಡೀ ಸಾಲು ಬರೆಯುತ್ತಿದ್ದ.

ನೀವು ಅವನ ಟ್ಯಾಬನ್ನು ಹೊರಹಾಕಿ ಬಾಗಿಲು ಮುಚ್ಚಿದ ದಿನದಿಂದ ಅವನು ಹಾಸಿಗೆ ಮೇಲೆ ಮಲಗುತ್ತಿಲ್ಲ. ಕುರ್ಚಿಯಲ್ಲಿ ನೆಟ್ಟಗೆ ಕೂತು ಕಪ್ಪಾದ ಟ್ಯಾಬನ್ನು ನೋಡುತ್ತಾನೆ. ಮಾತ್ರೆ ಕೊಟ್ಟರೆ ಒಂದು ಗಂಟೆ ತೂಕಡಿಸಿ ಬೆಚ್ಚಿ ಏಳುತ್ತಾನೆ. ಮಾರ್ಯುನ್ ಹೇಳಿದಳು: “ಸಾಮಲಣ್ಣ, ನೀವೆಲ್ಲ ಸೇರ್ಕೊಂಡು ಅವನನ್ನ ದೋಣಿಯಿಂದ ಇಳ್ಸಿಬಿಟ್ರಿ ಅಂದ್ಕೊಂಡಿದಾನೆ. ಹೀಗೇ ಇದ್ರೆ ಉಳಿಯಲ್ಲ ಅಂತಿದಾರೆ ಡಾಕ್ಟರು.”

ನನ್ನೊಬ್ಬನದೇ ಎಂದು ಬರೆದುಕೊಡಿ ಅಂದಿರಿ. ಹಾಗೆ ಬರೆದರೆ ಬಾರ್ದುರ್ ಕಳ್ಳ ಎಂದು ನಾನೇ ಸಹಿ ಹಾಕಿದಂತೆ. ನನ್ನ ಕೈಯಲ್ಲಿ ಆಗದು.

ಸಾಮಲ್


ತಾರ್ತು
20 ಜನವರಿ

ಸಾಮಲ್ ಅವರಿಗೆ,

ಬಾರ್ದುರ್ ಅವರ ವಿಷಯ ತಿಳಿದು ವಿಷಾದವಾಯಿತು. ಮೊದಲೇ ತಿಳಿಸಿದ್ದರೆ ವಿಭಾಗವು ಆ ಕ್ರಮವನ್ನು ಕೈಗೊಳ್ಳುತ್ತಿರಲಿಲ್ಲ. ಒಮ್ಮೆ ಹೊರಹಾಕಿದ ಸಾಧನವನ್ನು ಮತ್ತೆ ಒಳಬಿಡುವ ಅಧಿಕಾರ ವಿಭಾಗಕ್ಕಿಲ್ಲ, ಖಾತೆಯ ಒಡೆಯರು ಯಾರೆಂದು ತೀರ್ಮಾನವಾಗಬೇಕು.

ಒಂದು ಸಲಹೆ. ಬಾರ್ದುರ್ ಅವರೇ ಒಡೆಯರಾಗಲಿ. ಉಳಿದವರನ್ನು ದೂರುವ ಸಾಲು ಬೇಡ, ಅದನ್ನು ತೆಗೆಸಿದ್ದೇನೆ. ಜೊತೆಗಿಟ್ಟಿರುವ ಅರ್ಜಿಯಲ್ಲಿ ‘ಈ ಹೊತ್ತಿನಲ್ಲಿ ಈ ಖಾತೆ ನನ್ನದು’ ಎಂಬ ಸಾಲಿನ ಕೆಳಗೆ ಅವರ ಕೈಯ ಒಂದು ಗುರುತು ಇದ್ದರೂ ಸಾಕು. 30ರ ಮಧ್ಯಾಹ್ನ ಹನ್ನೆರಡನ್ನು ಮುಂದೂಡಲು ಮೇಲಧಿಕಾರಿಯನ್ನು ಕೇಳಿದೆ. ಒಪ್ಪಲಿಲ್ಲ.

ಟ್ರೀನು ಲಾನೆಮೆಟ್ಸ್


ಕಡಲಿನಿಂದ
23 ಜನವರಿ

ಟ್ರೀನು ಅವರೇ,

ಹದಿನಾಲ್ಕನೇ ತಾರೀಖಿನ ನಿಮ್ಮ ಪತ್ರದಲ್ಲಿ ಬಾಗಿಲು ಹಾಕಿದ್ದು ‘ನಾನೇ’. ಇಪ್ಪತ್ತರ ಪತ್ರದಲ್ಲಿ ಅದನ್ನು ಹಾಕಿದ್ದು ‘ವಿಭಾಗ’. ನಾನು ಓದಿದ್ದು ಕಡಿಮೆ, ಆದರೆ ಇಷ್ಟು ಗೊತ್ತಾಗುತ್ತದೆ.

ಮಾರ್ಯುನ್ ಅರ್ಜಿಯನ್ನು ಅವನ ಮುಂದಿಟ್ಟಳಂತೆ. “ಅಣ್ಣ, ಒಂದ್ ಗೆರೆ ಎಳಿ ಸಾಕು, ಎಲ್ಲಾ ಸರಿಹೋಗತ್ತೆ,” ಎಂದಳಂತೆ. ಅವನು ಎರಡು ಸಲ ಓದಿ ಕಾಗದ ಪಕ್ಕಕ್ಕೆ ತಳ್ಳಿದ. ಅವಳು ಮತ್ತೆ ಇಟ್ಟಳು. ಆಗ ಎಡಗೈಯಲ್ಲಿ ಪೆನ್ನು ತೆಗೆದುಕೊಂಡು ‘ನನ್ನದು’ ಎನ್ನುವುದನ್ನು ಹೊಡೆದುಹಾಕಿ, ಮೇಲೆ ಸೊಟ್ಟಗೆ ‘ರಾನ್ವಾ’ ಎಂದು ಬರೆದ. ಮಿಕ್ಯಾಲ್ ಇದನ್ನು ಕೇಳಿ, “ಅರ್ಧ ತಲೆ ಹೋದ್ರೂ ಹಟ ಮಾತ್ರ ಪೂರ್ತಿ ಉಳ್ಕೊಂಡಿದೆ ನೋಡು,” ಎಂದು ನಕ್ಕ, ಆಮೇಲೆ ಮೂಗು ಒರೆಸಿಕೊಳ್ಳುತ್ತ ಡೆಕ್ಕಿಗೆ ಹೋದ.

ಒಂದು ಮಾತು ನಾನೂ ಮುಚ್ಚಿಟ್ಟಿದ್ದೆ. ಅವನನ್ನು ದೋಣಿಯಿಂದ ಇಳಿಸಿದ್ದು ನಿಜ. ಹೊಸ ವರ್ಷದ ಮೂರನೇ ದಿನ ಹೊರಡುವಾಗ ಇಂಜಿನ್ನಿಗೆ ಜನ ಬೇಕಿತ್ತು, ಹೆರ್ಲುಫ್ ಎಂಬ ಹೊಸಬನನ್ನು ತೆಗೆದುಕೊಂಡೆ. ಅಡುಗೆಮನೆ ಗೋಡೆಯಲ್ಲಿ ನಮ್ಮ ಪಾಳಿ ಹಲಗೆ ಇದೆ, ಯಾರದು ಯಾವ ಹೊತ್ತು ಎಂದು ಸೀಮೆಸುಣ್ಣದಲ್ಲಿ ಬರೆಯುವ ಹಲಗೆ. ಬಾರ್ದುರ್ ಹೆಸರನ್ನು ನನ್ನ ತೋಳಿನಿಂದಲೇ ಒರೆಸಿದೆ. ಹತ್ತೊಂಬತ್ತು ವರ್ಷ ನನ್ನ ಜೊತೆ ದುಡಿದವನು. ಅವನಿಗೆ ಹೇಳಿಲ್ಲ. ಆದರೂ ಅದು ಅವನಿಗೆ ಹೇಗೋ ಗೊತ್ತಾಗಿದೆ ಅನ್ನಿಸುತ್ತದೆ, ಆ ಕಪ್ಪು ಟ್ಯಾಬ್ ನೋಡುವಾಗ ಅವನು ನನ್ನನ್ನೇ ನೋಡುತ್ತಿದ್ದಾನೆ ಅನ್ನಿಸುತ್ತದೆ.

27ಕ್ಕೆ ದಡ ಸೇರುತ್ತೇವೆ. ಅಷ್ಟರಲ್ಲಿ ನಿಮಗೆ ಏನಾದರೂ ಹೊಳೆದರೆ ಬರೆಯಿರಿ.

ಸಾಮಲ್


ತಾರ್ತು
27 ಜನವರಿ

ಸಾಮಲ್ ಅವರೇ,

ಬಾಗಿಲು ಹಾಕಿದ್ದು ನಾನೇ. ಒಂದೊಂದು ದೂರಿಗೆ ನಮಗೆ ಹನ್ನೊಂದು ನಿಮಿಷ ಕೊಡುತ್ತಾರೆ. ನಿಮ್ಮದನ್ನು ಒಂಬತ್ತರಲ್ಲಿ ಮುಗಿಸಿದೆ ಎಂದು ಅವತ್ತು ಹೆಮ್ಮೆಯಿಂದ ಹೇಳಿಕೊಂಡಿದ್ದೆ. ಇದನ್ನು ನಿಮಗೆ ಹೇಳಲು ಇಷ್ಟು ದಿನ ಧೈರ್ಯ ಬರಲಿಲ್ಲ.

ನಿನ್ನೆ ಊಟದ ಹೊತ್ತಿನಲ್ಲಿ ಕೂತು ನಿಮ್ಮ ಫಲಕ ಓದಿದೆ. ನಾನು ಓದುವಂತಿಲ್ಲ, ಆದರೂ ಓದಿದೆ. ಏಳು ವರ್ಷದ ಸಾಲುಗಳು. ‘ಹುಲ್ಲು ಒಳಗೆ ಬಂತು. ಯಾರು ತಗೋತೀರಿ?’ ‘ತಗೊಂಡೆ, ಸಾಮಲ್.’ ‘ಮಳೆ. ಮೂರು ಮರಿ ಹುಟ್ಟಿವೆ. ಯಾರು ತಗೋತೀರಿ?’ ‘ತಗೊಂಡೆ, ಮಿಕ್ಯಾಲ್. ಹೋಗಿ ಮಲಗು.’ ನಾನು ಇಷ್ಟು ದಿನ ಇದನ್ನು ‘ನಿಯಮಬಾಹಿರ ಬಳಕೆ’ ಎಂಬ ಪಟ್ಟಿಯಲ್ಲಿ ಸೇರಿಸಿದ್ದೆ.

ಕೊನೆಯ ಸಾಲು ಬಾರ್ದುರ್ ಅವರದು. ಜನವರಿ 14, ಎರಡು ಗಂಟೆಗೆ ಮೂರು ನಿಮಿಷ ಇರುವಾಗ ಬರೆದದ್ದು: ‘ಬೀಗ ಇದೆ. ಕುರಿ ಹಸಿದಿವೆ. ಕಾಯ್ತಿದೀನಿ. ಯಾರು ತಗೋತೀರಿ?’ ನಾನು ಎಲ್ಲರನ್ನೂ ಹೊರಹಾಕಿದ್ದು ಸರಿಯಾಗಿ ಎರಡಕ್ಕೆ. ಅದರ ಕೆಳಗೆ ಏನೂ ಇಲ್ಲ.

ಬೇರೆ ದಾರಿ ನನಗೆ ಹೊಳೆದಿಲ್ಲ. ಕ್ಷಮಿಸಿ ಎಂದು ಬರೆಯುವುದಷ್ಟೇ ಉಳಿದಿದೆ.

ಟ್ರೀನು


ಕ್ಲಾಕ್ಸ್‌ವೀಕ್
27 ಜನವರಿ, ಸಂಜೆ

ಟ್ರೀನು,

ಅವನಿಗೆ ಕೋಪವೂ ಇಲ್ಲ, ಬೇಸರವೂ ಇಲ್ಲ. ಅವನು ಪಾಳಿಯಲ್ಲಿದ್ದಾನೆ. ಹದಿಮೂರು ದಿನದಿಂದ ಯಾರೂ ಬಿಡಿಸಿಲ್ಲ. ಪಾಳಿ ಬಿಡಿಸದೆ ಮಲಗುವ ಜನ ಅಲ್ಲ ನಾವು. ನನಗೆ ಇದು ತಿಳಿಯಬೇಕಿತ್ತು, ನಾನು ನನ್ನ ತಪ್ಪನ್ನೇ ನೋಡುತ್ತ ಕೂತಿದ್ದೆ.

ಮಾರ್ಯುನ್ ಫೋನನ್ನು ಅವನ ಕಿವಿಗೆ ಹಿಡಿದಳು. “ತಗೊಂಡೆ ಬಾರ್ದುರ್, ತಗೊಂಡೆ” ಎಂದು ಕೂಗಿದೆ. ಫೋನನ್ನು ತಿರುಗಿಸಿ ನೋಡಿ ವಾಪಸ್ ಕೊಟ್ಟನಂತೆ. ವಿಮಾನ ನಿಲ್ದಾಣದಲ್ಲಿ ಮಂಜು ಮುಸುಕಿದೆ, ಇವತ್ತು ಯಾವ ವಿಮಾನವೂ ಹಾರಲಿಲ್ಲ. ನಾಳೆ ಬೆಳಿಗ್ಗೆ ಹೋಗಿ ಅಲ್ಲೇ ಕೂರುತ್ತೇನೆ.

ಸಾಮಲ್


ತಾರ್ತು
28 ಜನವರಿ

ಹೊರಟಿರಾ?

ಟ್ರೀನು


ವಾಗಾರ್ ವಿಮಾನ ನಿಲ್ದಾಣ
28 ಜನವರಿ

ಇಲ್ಲ. ಇನ್ನೂ ಮಂಜು. ಕಂಕುಳಲ್ಲಿ ಪಾಳಿ ಹಲಗೆ ಇಟ್ಟುಕೊಂಡು ಕೂತಿದ್ದೇನೆ. ಗೋಡೆಯಿಂದ ಕಿತ್ತು ತಂದೆ. ಇಲ್ಲಿನ ಹುಡುಗಿ, “ಇದನ್ನ ಸಾಮಾನಿನ ಜೊತೆ ಹಾಕ್ಬೇಕಾಗತ್ತೆ,” ಅಂದಳು. “ಹಾಕಿದ್ರೆ ನನ್ನನ್ನೂ ಸಾಮಾನಿನ ಜೊತೆಗೇ ಹಾಕಮ್ಮ,” ಅಂದೆ. ಹಲಗೆಯನ್ನು ನನ್ನ ಹತ್ತಿರವೇ ಬಿಟ್ಟಳು.

ಸಾಮಲ್


ಕೋಪನ್‌ಹೇಗನ್
30 ಜನವರಿ, ಬೆಳಿಗ್ಗೆ

ಟ್ರೀನು,

ನಿನ್ನೆ ಮಧ್ಯಾಹ್ನ ಮೂರಕ್ಕೆ ತಲುಪಿದೆ. ಕುರ್ಚಿಯಲ್ಲಿ ಕೂತಿದ್ದ. ಮುಖ ಬಟ್ಟೆ ಹಿಂಡಿದ ಹಾಗೆ ಆಗಿತ್ತು. ನನ್ನನ್ನು ಕಂಡು ನಗಲಿಲ್ಲ, ಏಳಲು ನೋಡಿದ. ನಾನು ದೋಣಿಯಲ್ಲಿ ಇಂಜಿನ್ ಕೋಣೆಯ ಮೆಟ್ಟಿಲ ಬಳಿ ನಿಲ್ಲುವಂತೆ ಬಾಗಿಲಲ್ಲಿ ನಿಂತು, “ಏನ್ ಸ್ಥಿತಿ?” ಎಂದೆ. ಅವನು ಎಡಗೈ ಬೆರಳುಗಳಲ್ಲಿ ಲೆಕ್ಕ ತೋರಿಸಿದ. ಒತ್ತಡ ಎಷ್ಟು, ಶಾಖ ಎಷ್ಟು. ಎಲ್ಲಿಯ ಇಂಜಿನ್ನೋ, ಯಾವ ದಿನದ್ದೋ. ಆಮೇಲೆ ಕಪ್ಪು ಟ್ಯಾಬನ್ನು ತೋರಿಸಿ ತಲೆ ಅಲ್ಲಾಡಿಸಿದ. ನಾನು ಹತ್ತಿರ ಹೋಗಿ ಟ್ಯಾಬನ್ನು ಅವನ ಕೈಯಿಂದ ತೆಗೆದುಕೊಂಡೆ.

“ತಗೊಂಡೆ ಬಾರ್ದುರ್. ಹೋಗಿ ಮಲಗು.”

ಅವನು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದ. ನರ್ಸು ಬಂದು ಹಿಡಿಯುವುದರೊಳಗೆ ತಾನೇ ಹಾಸಿಗೆಗೆ ಹೊರಳಿಕೊಂಡ. ಇವತ್ತು ಬೆಳಗಿನ ತಿಂಡಿಯ ತನಕ ಏಳಲಿಲ್ಲ. ಮಾರ್ಯುನ್ ಮಂಚದ ಕಾಲಿನ ಬಳಿ ಕೂತು ಅವನ ಗೊರಕೆ ಕೇಳುತ್ತಿದ್ದಳು. ನಾನು ಅವನ ಕುರ್ಚಿಯಲ್ಲಿ, ಆ ಸತ್ತ ಟ್ಯಾಬನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಪಾಳಿ ಎಂದರೆ ಪಾಳಿ.

ಎದ್ದ ಮೇಲೆ ಹಲಗೆ ತೋರಿಸಿ ಹೇಳಿಬಿಟ್ಟೆ. “ನಿನ್ನ ಹೆಸರು ಒರೆಸ್ದೋನು ನಾನೇ ಕಣೋ. ಹೆರ್ಲುಫ್ ಅಂತ ಹೊಸಬ ಬಂದಿದಾನೆ.” ಅವನು ಹೆರ್ಲುಫನ ಹೆಸರನ್ನು ಬಹಳ ಹೊತ್ತು ನೋಡಿದ. ಸೀಮೆಸುಣ್ಣಕ್ಕೆ ಕೈ ಚಾಚಿದ. ಹೆರ್ಲುಫನನ್ನು ಒರೆಸಲಿಲ್ಲ. ಎಲ್ಲರ ಕೆಳಗೆ ಒಂದು ಗೆರೆ ಎಳೆದು, ‘ಬಾರ್ದುರ್ 10–2’ ಎಂದು ಬರೆದ.

ಅರ್ಜಿ ಇದರ ಜೊತೆ ಇದೆ. ಸಹಿ ನನ್ನದು. ‘ಈ ಹೊತ್ತಿನಲ್ಲಿ ಈ ಖಾತೆ ನನ್ನದು’ ಎಂದಿದೆ ಅಲ್ಲವೇ? ಇದರಲ್ಲಿ ಸುಳ್ಳಿಲ್ಲ. ಅವನು ಮಲಗಿದ್ದಾಗ ಮಾಡಿದ್ದು. ಪಾಳಿ ಯಾರದೋ ಆ ಹೊತ್ತಿಗೆ ದೋಣಿ ಅವನದು, ನಮ್ಮಲ್ಲಿ ಹಾಗೆ. ಈಗ ನಿಮ್ಮ ಗಡಿಯಾರದಲ್ಲಿ ಹನ್ನೊಂದು ದಾಟಿರಬೇಕು. ನೋಡಿ.

ಸಾಮಲ್


ತಾರ್ತು
30 ಜನವರಿ, 11.52

ತೆರೆದಿದೆ. ಕುರಿಗಳು ಬದುಕಿವೆ, ಎರಡು ಹೋಗಿವೆ.

ಟ್ರೀನು


ತಾರ್ತು
11 ಫೆಬ್ರವರಿ

ಸಾಮಲ್ ಅವರೇ,

ಬಿರುಗಾಳಿಯಲ್ಲಿ ಇರುವಿರಿ ಎಂದು ಗೊತ್ತು, ನಾಲ್ಕು ದಿನದಿಂದ ದೋಣಿಯ ಸಂಪರ್ಕ ಇಲ್ಲ. ಇದು ನಿಮಗೆ ಯಾವಾಗ ಸಿಗುತ್ತದೋ. ಆದರೂ ನಾನೇ ಬಾಯಿಬಿಟ್ಟು ಹೇಳಿದರೆ ಒಳ್ಳೆಯದು.

ಮೂರು ದಿನ ಬಾರ್ದುರ್ ಅವರ ಪಾಳಿ ಬಿಡಿಸಿದ್ದು ಮಾರ್ಯುನ್. ಅವರು ಹೇಳಿದ್ದನ್ನು ಅವರ ಅಣ್ಣ ಒಪ್ಪಿಕೊಂಡಿದ್ದರು. ಇಂದು ಮಾರ್ಯುನ್ ಊರಿಗೆ ಹೋಗಿದ್ದಾರೆಂದು ಫಲಕದಿಂದ ತಿಳಿಯಿತು. ನಾನು ದಿನವೂ ಎರಡಕ್ಕೆ ಐದು ನಿಮಿಷ ಇರುವಾಗ ನಿಮ್ಮ ಫಲಕ ನೋಡುತ್ತೇನೆ, ಅದನ್ನೂ ಹೇಳಿಬಿಡುತ್ತೇನೆ.

ಎರಡು ಗಂಟೆಗೆ ಅವರು ಬರೆದರು: ‘ಹುಲ್ಲು ಸಾಕಷ್ಟಿದೆ. ಯಾರು ತಗೋತೀರಿ?’ ಯಾರೂ ಇಲ್ಲ. ಎರಡೂ ಹತ್ತು. ಮತ್ತೆ ಬರೆದರು: ‘ಯಾರು?’ ಎರಡೂ ಇಪ್ಪತ್ತು. ನಮ್ಮ ಮೇಲಧಿಕಾರಿ ಎರಡು ಮೇಜಿನ ಆಚೆ ಕೂತು ಸೇಬು ತಿನ್ನುತ್ತಿದ್ದರು. ಆ ಕುರ್ಚಿ, ಆ ಹದಿನೈದು ದಿನ ನನ್ನ ಕಣ್ಣಿಗೆ ಕಟ್ಟಿತು. ಇನ್ನು ನನ್ನಿಂದ ಸುಮ್ಮನಿರಲು ಆಗಲಿಲ್ಲ. ‘ತಗೊಂಡೆ. ಟ್ರೀನು’ ಎಂದು ಬರೆದೆ.

ನನ್ನನ್ನು ಒಪ್ಪುವುದಿಲ್ಲ ಎಂದುಕೊಂಡೆ. ಆಮೇಲೆ ಒಂದೊಂದೇ ಅಕ್ಷರ ಬಂತು: ‘ಬಾಗಿಲು ಹಾಕಿದ್ದು ನೀನೇ ಅಲ್ವಾ?’

ನನ್ನ ಹೆಸರನ್ನು ನೀವು ಅವರಿಗೆ ಹೇಳಿರಬೇಕು. ‘ನಾನೇ’ ಎಂದು ಬರೆದೆ.

‘ಸರಿ. ಹುಲ್ಲಿನ ಮನೆ ಬಾಗಿಲು ತೆರೆದಿದೆ. ಈಗ ಅದನ್ನ ಹಾಕು. ನಾನು ಮಲಗ್ತೀನಿ.’

ಹಾಕಿದೆ. ಆರು ಗಂಟೆಯ ತನಕ ಕೂತಿದ್ದೆ. ಆಗ ನಿಮ್ಮ ಸಂಪರ್ಕ ಒಂದು ನಿಮಿಷ ಬಂದಿರಬೇಕು, ‘ತಗೊಂಡೆ, ಮಿಕ್ಯಾಲ್’ ಎಂದು ಕಾಣಿಸಿತು. ಆಮೇಲೆಯೇ ಎದ್ದು ಮನೆಗೆ ಬಂದು ಇದನ್ನು ಬರೆಯುತ್ತಿದ್ದೇನೆ.

ನಿಯಮದಂತೆ ಈ ಖಾತೆಯನ್ನು ಈಗ ಐದು ಜನ ಬಳಸುತ್ತಿದ್ದಾರೆ, ಅದರಲ್ಲಿ ಒಬ್ಬಳು ಸಹಾಯ ವಿಭಾಗದವಳು. ಯಾರಾದರೂ ದೂರು ಕೊಟ್ಟರೆ ಅದು ನನ್ನ ಮೇಜಿಗೇ ಬರುತ್ತದೆ. ಮಂಗಳವಾರ ಎರಡರಿಂದ ಆರರ ತನಕ ನನಗೆ ಆಗುತ್ತದೆ. ಹಲಗೆಯಲ್ಲಿ ಜಾಗವಿದ್ದರೆ ಬರೆದುಕೊಳ್ಳಿ.

ಟ್ರೀನು